ಸಂಜೆ ಕರೆಂಟಿನ ಸರದಿ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಕನ್ನಡಕ ಸರಿಯಿಲ್ಲ ಅಂದುಕೊಂಡೆ, ಇನ್ನೊಮ್ಮೆ ಪೆನ್ನು ಸರಿಯಿಲ್ಲ ಅಂದುಕೊಂಡೆ. ಮೊಮ್ಮಗಳ ಮದುವೆ ಮುಗಿಯಲಿ ಎಂದು ಮುಂದೆ ತಳ್ಳಿದೆ. ಮದುವೆಯೂ ಆಯಿತು, ಅವಳಿಗೊಂದು ಮಗುವೂ ಆಯಿತು, ಆ ಮಗು ಈಗ ಗೋಡೆ ಹಿಡಿದು ನಡೆಯಲು ಕಲಿತಿದೆ. ಹೇಳಿಕೊಳ್ಳಲು ಇನ್ನು ನೆಪವೇನೂ ಉಳಿದಿಲ್ಲ.

ಗೋಡೆ ಎಂದೆನಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನನಗೊಂದು ಚಟವಿದೆ. ಸಂಜೆ ದೀಪ ಹಾಕಿದ ಮೇಲೆ ಮನೆಯಲ್ಲಿರುವ ಒಂದೊಂದು ಸ್ವಿಚ್ ಬೋರ್ಡಿನ ಪಕ್ಕಕ್ಕೂ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ, ಕೈಯ ಹಿಂಬದಿಯಿಂದ ಗೋಡೆ ಮುಟ್ಟಿ ನೋಡುತ್ತೇನೆ. ಆಮೇಲೆ ಮೂಗು ಹತ್ತಿರ ತಂದು ಮೂಸುತ್ತೇನೆ. ಮಾವನವರು ಗೋಡೆಗೆ ಮುತ್ತು ಕೊಡುತ್ತಾರೆ ಎಂದು ಸೊಸೆ ತವರಿನವರಿಗೆಲ್ಲ ಹೇಳಿ ನಗಿಸಿದ್ದಾಳೆ. ಮಗ ಹೊಸ ವೈರಿಂಗ್ ಮಾಡಿಸಿ, ಲೋಡು ಹೆಚ್ಚಾದರೆ ತಾನಾಗಿಯೇ ಆರಿಹೋಗುವ ಸ್ವಿಚ್ಚುಗಳನ್ನು ಹಾಕಿಸಿ, ಇನ್ನಾದರೂ ಸುಮ್ಮನಿರಪ್ಪ ಎಂದ. ನಾನು ಸುಮ್ಮನಿರಲಿಲ್ಲ. ಹೊಸ ಗೋಡೆಯನ್ನೂ ಮುಟ್ಟುತ್ತೇನೆ. ಅವರೆಲ್ಲ ನಗುವಾಗ ನಾನೂ ನಗುತ್ತೇನೆ. ಯಾಕೆ ಮುಟ್ಟುತ್ತೇನೆ ಎಂದು ಅವರಿಗೆ ಗೊತ್ತಿಲ್ಲ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಒಂದು ಕಾರಣವಿದೆ. ಕೊಯಮತ್ತೂರಿನ ಪಕ್ಕದ ಸೋಮನೂರಿನ ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಅರ್ಧ ತಮಿಳು ಬೆರೆಸಿಯಾದರೂ ಆಡುತ್ತಾರೆ. ಆದರೆ ಓದಬಲ್ಲವನು ನಾನೊಬ್ಬನೇ. ಚಾಮರಾಜನಗರದಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದ ಪುಣ್ಯ ಅದು. ಹಾಗಾಗಿ ಈ ಹಾಳೆಗಳನ್ನು ಮೇಜಿನ ಮೇಲೆ ಹರಡಿಟ್ಟು ಸ್ನಾನಕ್ಕೆ ಹೋದರೂ ನನಗೆ ಭಯವಿಲ್ಲ. ನಾನು ಎಂಥ ಧೈರ್ಯಶಾಲಿ ಎಂಬುದು ಓದುವ ನಿಮಗೆ ಇಷ್ಟರಲ್ಲೇ ತಿಳಿದಿರಬೇಕು.

ಭಯ ನನ್ನಲ್ಲಿ ಹುಟ್ಟಿನಿಂದಲೇ ಇತ್ತು, ಕರೆಂಟಿನ ಭಯವನ್ನು ಕಲಿಸಿದವಳು ಅಜ್ಜಿ. ಅಪ್ಪ ಮಗ್ಗದ ಶೆಡ್ಡಿಗೂ ಮನೆಗೂ ಕರೆಂಟು ಎಳೆಸಿದಾಗ ನಾನು ಚಿಕ್ಕವನು. ಹೊತ್ತು ಮುಳುಗಿದ ಮೇಲೆ ನಮ್ಮ ಕಡೆ ಹಾವನ್ನು ಹಾವು ಅನ್ನುವುದಿಲ್ಲ, ಹುಳ ಅನ್ನುತ್ತೇವೆ. ಅಜ್ಜಿ ಕರೆಂಟಿಗೂ ಅದೇ ಮರ್ಯಾದೆ ಕೊಟ್ಟಳು. ಸಂಜೆಯಾದರೆ ಅದರ ಹೆಸರೆತ್ತುತ್ತಿರಲಿಲ್ಲ. ‘ಗೋಡೆಯೊಳಗಿರೋದು’ ಅನ್ನುತ್ತಿದ್ದಳು. ಸ್ವಿಚ್ಚು ಹಾಕಬೇಕಾದರೆ ಊಟದ ಮಣೆ ತಂದು, ಅದರ ಮೇಲೆ ನಿಂತು, ಮರದ ಸೌಟಿನ ಹಿಡಿಯಿಂದ ಒತ್ತಬೇಕು. ಆ ಕೆಲಸ ನನ್ನದಾಗಿತ್ತು. ಚಾಮರಾಜನಗರಕ್ಕೆ ಹೋದ ಮೊದಲ ದಿನ ಸೋದರಮಾವ ದೀಪ ಹಾಕು ಅಂದಾಗ, ಮಣೆ ಎಲ್ಲಿದೆ ಎಂದು ಕೇಳಿದೆ. ಊಟಕ್ಕೆ ಆತುರಪಡುತ್ತಿದ್ದಾನೆ ಎಂದುಕೊಂಡು ಅತ್ತೆ ಎಲೆ ಹಾಕಿಬಿಟ್ಟರು.

ಆ ಗೋಡೆಯೊಳಗಿನದು ಕೇಳಿದವರಿಗೆಲ್ಲ ಸಾಕಾಗುವಷ್ಟು ಇಲ್ಲದ ಕಾಲ ಎಂಬತ್ತರ ದಶಕ. ಅಪ್ಪ ತೀರಿಕೊಂಡು ಶೆಡ್ಡು ನನ್ನ ಕೈಗೆ ಬಂದಿತ್ತು. ಶೆಡ್ಡಿನ ಪಕ್ಕದಲ್ಲಿ ಅಪ್ಪನೇ ಕಟ್ಟಿಸಿದ ಲೈನ್ ಮನೆಗಳಿದ್ದವು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಎಲ್ಲಕ್ಕೂ ಸೇರಿ ಒಂದೇ ಜಗಲಿ. ಮೊದಲ ಮನೆಯಲ್ಲಿ ನಾವಿದ್ದೆವು, ಉಳಿದವುಗಳಲ್ಲಿ ಬಾಡಿಗೆಯವರಿದ್ದರು. ಸಾಲಿಗೆಲ್ಲ ಒಂದೇ ಮೀಟರು, ಒಂದೇ ಮೇನ್ ಸ್ವಿಚ್ಚು, ಒಂದೇ ಫ್ಯೂಸು, ಸಾಲಿನವರ ಬಾಯಲ್ಲಿ ಪೀಸು. ಅವು ನಮ್ಮ ಮನೆಯ ಮುಂದಿನ ಗೋಡೆಯಲ್ಲಿದ್ದುದರಿಂದ ಅವಕ್ಕೆ ನಾನೇ ಯಜಮಾನ.

ಶೆಡ್ಡಿನ ಲೈನು ಬೇರೆ ಇತ್ತು. ದೀಪ ಹಚ್ಚುವ ಹೊತ್ತಿನಿಂದ ಊರು ಉಂಡು ಮುಗಿಸುವ ತನಕ ಮಗ್ಗ ಓಡಿಸಕೂಡದು ಎಂದು ಕರೆಂಟಿನವರ ಅಪ್ಪಣೆ ಇತ್ತು. ಸಂಜೆಯಾದರೆ ಸೋಮನೂರಿನ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಹಗಲೆಲ್ಲ ಆ ಸದ್ದಿನಲ್ಲಿದ್ದವರಿಗೆ ಆ ಹೊತ್ತಿನ ಮೌನ ಯಾರೋ ಸತ್ತ ಮನೆಯಂತೆ ಕೇಳಿಸುತ್ತಿತ್ತು. ಮಗ್ಗ ನಿಂತರೂ ಮನೆಗಳಿಗೆ ಕರೆಂಟು ಸಾಲುತ್ತಿರಲಿಲ್ಲ. ಎಲ್ಲರೂ ಅದೇ ಹೊತ್ತಿಗೆ ದೀಪ, ಫ್ಯಾನು, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಹಾಕುವವರೇ. ಬಲ್ಬಿನ ಬೆಳಕು ಇಳಿದಿಳಿದು, ಕೊನೆಗೆ ಒಳಗಿನ ತಂತಿ ಮಾತ್ರ ಕೆಂಪಗೆ ಕಾಣುತ್ತಿತ್ತು. ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ ಮಿಟುಕಿಸಿ ಸುಸ್ತಾಗುತ್ತಿತ್ತು. ಅಷ್ಟರಲ್ಲಿ ಯಾರಾದರೂ ಇನ್ನೊಂದು ಸ್ವಿಚ್ಚು ಹಾಕಿದರೋ, ಫ್ಯೂಸು ಪಟ್ಟೆಂದು ಹೋಗಿ ಸಾಲಿಗೆ ಸಾಲೇ ಕತ್ತಲು. ಆಮೇಲೆ ಯಾರು ಏನು ಹಾಕಿದಿರಿ ಎಂದು ಜಗಳ.

ಜಗಳ ತೀರಿಸಿದವರು ರೈಲ್ವೆ ಮಾಮ. ಪೋತ್ತನೂರು ರೈಲ್ವೆ ಜಂಕ್ಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಕೊನೆಯ ಮನೆಯಲ್ಲಿದ್ದರು. ನಮ್ಮವರೇ. ಮಾತು ಕಡಿಮೆ, ಆಡಿದರೆ ಸಿಗ್ನಲ್ ಬಿದ್ದ ಹಾಗೆ. ಒಂದು ಸಂಜೆ ಕತ್ತಲಲ್ಲಿ ಎಲ್ಲರೂ ಜಗಲಿಯಲ್ಲಿ ಕೂಗಾಡುತ್ತಿದ್ದಾಗ ಕೇಳಿದರು:

“ಒಂದೇ ಹಳಿ ಇರೋ ಕಡೆ ಎದುರುಬದುರು ಎರಡು ವಂಡಿ ಬಿಡ್ತಾರಾ? ಟೋಕನ್ ಕೈಯಾಗೆ ಇದ್ದೋನು ಹೋಗ್ತಾನೆ. ಇಲ್ದೋನು ನಿಂತ್ಕತಾನೆ. ಅಷ್ಟೇ ಕಣ್ರಪ್ಪಾ.”

ಮರುದಿನದಿಂದ ಅದೇ ಕಾನೂನಾಯಿತು. ಟೋಕನ್ನಿಗೆ ನಾನೇ ಶೆಡ್ಡಿನಿಂದ ಒಂದು ಖಾಲಿ ಕಂಡಿಕೆ ಕಡ್ಡಿ ಕೊಟ್ಟೆ. ಹೊಕ್ಕು ನೂಲನ್ನು ಸುತ್ತಿ ಲಾಳಿಯೊಳಗೆ ಕೂರಿಸುತ್ತೇವಲ್ಲ, ಆ ಮರದ ಕಡ್ಡಿ. ಸಂಜೆ ಆ ಕಡ್ಡಿ ಯಾರ ಬಾಗಿಲಿನ ಮೊಳೆಯಲ್ಲಿ ತೂಗುತ್ತದೋ ಆ ಮನೆಯವರು ಮಾತ್ರ ದೊಡ್ಡದೇನನ್ನಾದರೂ ಹಾಕಬಹುದು. ಉಳಿದವರಿಗೆ ಒಂದೊಂದು ದೀಪ. ಕೆಲಸ ಮುಗಿದ ಮೇಲೆ ಕಡ್ಡಿಯನ್ನು ಪಕ್ಕದ ಮನೆಗೆ ದಾಟಿಸಬೇಕು. ನೀವು ನಂಬುತ್ತೀರೋ ಇಲ್ಲವೋ, ಅದು ನಡೆಯಿತು. ಇಸ್ತ್ರಿ ಅರ್ಧಕ್ಕೆ ನಿಲ್ಲಿಸಿ, ಒಂದು ತೋಳು ಸುಕ್ಕಾಗಿರುವ ಅಂಗಿ ಹಾಕಿಕೊಂಡು ಜನ ಕೆಲಸಕ್ಕೆ ಹೋದರು. ಕಡ್ಡಿ ಇಲ್ಲದೆ ಮಿಕ್ಸಿ ಹಾಕಿದ ಹೆಂಗಸನ್ನು ಅವಳ ಅತ್ತೆಯೇ ಹಿಡಿದುಕೊಟ್ಟಳು. ಸಾಲಿಗೆ ಸಾಲೇ ನಕ್ಕಿತು. ಆ ನಗು, ಆ ಕಣ್ಗಾವಲು ಎರಡೂ ನಮಗೆ ಹೊಸವು.

ನಮ್ಮ ಪಕ್ಕದ ಮನೆಯಾಕೆಯನ್ನು ಎಲ್ಲರೂ ಹಿಟ್ಟಿನಕ್ಕ ಅನ್ನುತ್ತಿದ್ದರು. ಗಂಡನಿಲ್ಲದ ಹೆಂಗಸು, ಒಬ್ಬಳೇ ಮಗಳು. ಹಗಲು ಹತ್ತಿ ಗೋದಾಮಿನಲ್ಲಿ ಕಸ ಆರಿಸುವ ಕೆಲಸ. ಕೊಯಮತ್ತೂರಿನಲ್ಲಿ ಗ್ರೈಂಡರ್ ಮಾಡುವ ಕಡೆ ಇದ್ದ ಆಕೆಯ ತಮ್ಮ ಒಂದು ಕಲ್ಲಿನ ಗ್ರೈಂಡರ್ ತಂದುಕೊಟ್ಟಿದ್ದ. ಸಂಜೆ ಗೋದಾಮಿನಿಂದ ಬಂದು, ಕೂದಲಲ್ಲಿ ಅಂಟಿದ ಹತ್ತಿಯನ್ನೂ ಕೊಡವದೆ, ಬೀದಿಯವರು ನೆನೆಹಾಕಿ ತಂದಿಟ್ಟ ಅಕ್ಕಿ, ಉದ್ದು ರುಬ್ಬಿ ಕೊಡುತ್ತಿದ್ದಳು. ಇಡ್ಲಿ ಹಿಟ್ಟು ಬೆಳಗ್ಗೆಗೆ ಹುಳಿ ಬರಬೇಕಾದರೆ ಸಂಜೆಯೇ ರುಬ್ಬಬೇಕು. ಆಕೆಗೆ ಬಿಡುವಿದ್ದದ್ದೂ ಸಂಜೆಯೇ. ಗೋದಾಮಿನ ಕೂಲಿ ಹೊಟ್ಟೆಗೆ, ಗ್ರೈಂಡರು ಮಗಳ ಓದಿಗೆ ಎಂದು ನನ್ನ ಹೆಂಡತಿಯ ಬಳಿ ಹೇಳಿದ್ದಳಂತೆ. ಅದಕ್ಕಾಗಿ ಕಡ್ಡಿಯನ್ನು ಎಲ್ಲರೂ ಮೊದಲು ಆಕೆಯ ಬಾಗಿಲಿಗೇ ತೂಗುಹಾಕುತ್ತಿದ್ದರು. ಯಾರೂ ಹೇಳಿ ಮಾಡಿದ ಏರ್ಪಾಡಲ್ಲ ಅದು.

ಇನ್ನು ನನ್ನ ವಿಷಯ.

ಊಟದ ಹೊತ್ತು ಕಳೆದು ಮಗ್ಗ ಓಡಿಸಲು ಅಪ್ಪಣೆ ಬರುವಷ್ಟರಲ್ಲಿ ಸುತ್ತಿದ ಕಂಡಿಕೆಗಳು ಬುಟ್ಟಿ ತುಂಬ ಸಿದ್ಧವಿರಬೇಕು. ಇಲ್ಲದಿದ್ದರೆ ಮಗ್ಗ ಖಾಲಿ ನಿಲ್ಲುತ್ತದೆ, ನೇಯುವವನು ಪಕ್ಕದ ಶೆಡ್ಡಿಗೆ ಹೋಗುತ್ತಾನೆ. ಕಂಡಿಕೆ ಸುತ್ತುವ ಯಂತ್ರ ನಮ್ಮ ಮನೆಯ ಹಿಂದೆ ಆಮೇಲೆ ಕಟ್ಟಿಸಿದ ಕೋಣೆಯಲ್ಲಿತ್ತು. ಆ ಕೋಣೆಯ ಗೋಡೆಯ ಆಚೆಗೇ ಹಿಟ್ಟಿನಕ್ಕನ ಅಡುಗೆಮನೆ. ಆಕೆ ಬಾಡಿಗೆಗೆ ಬರುವ ಮೊದಲು, ಆ ಮನೆ ಖಾಲಿ ಇದ್ದಾಗ, ವೈರು ಉಳಿಸುವ ಆಸೆಗೆ ಅಡುಗೆಮನೆಯ ಸ್ವಿಚ್ ಬೋರ್ಡಿನ ಹಿಂದಿನಿಂದಲೇ ಗೋಡೆಗೆ ತೂತು ಕೊರೆದು ನನ್ನ ಯಂತ್ರಕ್ಕೆ ಲೈನು ಎಳೆದಿದ್ದೆ. ಎಳೆದವನು ನಾನೇ. ಅದು ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಯಂತ್ರ ಹಾಕಿದರೆ ಸದ್ದಾಗುತ್ತದೆ, ಸಾಲಿನವರು ಕೇಳಿಸಿಕೊಳ್ಳುತ್ತಾರೆ. ಕಡ್ಡಿ ಕೇಳಿ ಸರದಿ ಕಾಯೋಣವೆಂದರೆ ನನ್ನ ಸರದಿ ಬರುವಾಗ ಊಟದ ಹೊತ್ತೇ ಕಳೆದಿರುತ್ತದೆ. ಆಗ ನನಗೊಂದು ಬುದ್ಧಿ ಹೊಳೆಯಿತು. ಹಿಟ್ಟಿನಕ್ಕನ ಗ್ರೈಂಡರು ತಿರುಗುವಾಗ ಆ ಕಲ್ಲಿನ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ಆ ಹೊತ್ತಿಗೇ ನಾನೂ ಯಂತ್ರ ಹಾಕಿದರೆ?

ಹಾಕಿದೆ. ಹೆಂಡತಿ ಸುತ್ತಲು ಕೂತಳು. ನಮಗೆ ಕಡ್ಡಿ ಬಂದಿಲ್ಲ ಎಂದು ಅವಳಿಗೆ ಗೊತ್ತಿತ್ತು, ನನ್ನ ಮುಖ ನೋಡಿದಳು, ಆಮೇಲೆ ನೂಲು ಕೈಗೆತ್ತಿಕೊಂಡಳು.

ಅಲ್ಲಿಂದ ಹಿಟ್ಟಿನಕ್ಕನ ಸರದಿಯಲ್ಲೇ ಫ್ಯೂಸು ಹೋಗಲು ಶುರುವಾಯಿತು. ಕಡ್ಡಿ ಆಕೆಯ ಬಾಗಿಲಲ್ಲಿರುತ್ತಿತ್ತು, ಗ್ರೈಂಡರು ತಿರುಗುತ್ತಿತ್ತು, ಪಟ್ ಎಂದು ಕತ್ತಲು. ಮೊದಮೊದಲು ತಮಾಷೆ ಮಾಡಿದರು. ಅಕ್ಕನ ಗ್ರೈಂಡರಿಗೂ ಹಸಿವು ಜಾಸ್ತಿ ಅಂದರು. ಆಮೇಲೆ ತಮಾಷೆಯಲ್ಲಿ ಹುಳಿ ಸೇರಿತು. ಆ ಗ್ರೈಂಡರೇ ಸರಿಯಿಲ್ಲ ಎಂದು ಒಬ್ಬರು, ಆಕೆಯ ತಮ್ಮ ಹಳೇದನ್ನು ತಲೆಗೆ ಕಟ್ಟಿದ್ದಾನೆ ಎಂದು ಇನ್ನೊಬ್ಬರು. ಆಕೆ ಒಂದು ಭಾನುವಾರ ಗ್ರೈಂಡರನ್ನು ಬಿಚ್ಚಿಸಿ ನೋಡಿಸಿದಳು. ದೋಷವೇನೂ ಇಲ್ಲವೆಂದು ರಿಪೇರಿಯವರು ಹೇಳಿ ಹೋದರಂತೆ. ಅದನ್ನು ಯಾರೂ ನಂಬಲಿಲ್ಲ. ನಾನು ನಂಬಿದೆ, ಆದರೆ ಬಾಯಿ ಬಿಡಲಿಲ್ಲ.

ಫ್ಯೂಸು ಹೋದಾಗಲೆಲ್ಲ ತಂತಿ ಕಟ್ಟುವವನು ನಾನು. ಎಲ್ಲರೂ ನನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಒಂದು ದಿನ ಯಾರೂ ಇಲ್ಲದಾಗ ಫ್ಯೂಸು ಕಿತ್ತು, ಆ ಸಣ್ಣ ತಂತಿ ತೆಗೆದು, ಹಳೆಯ ವೈರಿನಿಂದ ತಾಮ್ರದ ಎಳೆಗಳನ್ನು ಬಿಡಿಸಿ ಹುರಿ ಮಾಡಿ ಕಟ್ಟಿಬಿಟ್ಟೆ. ಅದಾದ ಮೇಲೆ ಫ್ಯೂಸು ಹೋಗಲಿಲ್ಲ. ಸಾಲಿನವರು ನನ್ನನ್ನು ಹೊಗಳಿದರು. ಹಿಟ್ಟಿನಕ್ಕ ಒಂದು ಪಾತ್ರೆ ಹಿಟ್ಟು ತಂದು ಜಗಲಿಯಲ್ಲಿಟ್ಟು, ಅಣ್ಣ ಕೈ ಹಾಕಿದ ಮೇಲೆ ಸರಿಹೋಯಿತು ಎಂದಳಂತೆ. ಮರುದಿನ ಆ ಹಿಟ್ಟಿನ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಫ್ಯೂಸು ಹೋಗದಿದ್ದರೆ ಆ ಬಿಸಿ ಬೇರೆಲ್ಲಿಗೆ ಹೋಗಬೇಕು? ಅಷ್ಟು ತಿಳಿಯದಷ್ಟು ದಡ್ಡನಲ್ಲ ನಾನು. ಸಂಜೆ ಯಂತ್ರ ಹಾಕಿದ ಮೇಲೆ ಗೋಡೆಯ ತೂತಿನ ಹತ್ತಿರ ಕೈ ಇಟ್ಟು ನೋಡುತ್ತಿದ್ದೆ. ಬೆಚ್ಚಗಿರುತ್ತಿತ್ತು. ದಿನ ಕಳೆದಂತೆ ಬಿಸಿಯಾಯಿತು. ರಬ್ಬರು ಬೆಂದ ಸಣ್ಣ ವಾಸನೆ ಬರತೊಡಗಿತು. ಅಜ್ಜಿ ಹೇಳುತ್ತಿದ್ದ ಗೋಡೆಯೊಳಗಿನದು ಒಳಗೇ ಮೈ ಮುರಿಯುತ್ತಿದೆ ಅನ್ನಿಸುತ್ತಿತ್ತು. ಇವತ್ತು ಈ ಒಂದು ಬುಟ್ಟಿ ಮುಗಿಯಲಿ, ನಾಳೆಯಿಂದ ಬೇಡ ಅಂದುಕೊಳ್ಳುತ್ತಿದ್ದೆ. ಮರುದಿನವೂ ಅದನ್ನೇ ಅಂದುಕೊಳ್ಳುತ್ತಿದ್ದೆ. ಭಯಪಡುವವನು ತಪ್ಪು ಮಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಭಯಪಡುತ್ತಲೇ ಮಾಡಿದೆ.

ಆ ಸಂಜೆ ಬಲ್ಬು ಎಂದಿಗಿಂತ ಮಂಕಾಗಿತ್ತು. ಆಚೆ ಕಲ್ಲು ಉರುಳುತ್ತಿತ್ತು, ಈಚೆ ನಮ್ಮ ಯಂತ್ರ. ವಾಸನೆ ಜೋರಾಯಿತು. ಗೋಡೆಗೆ ಕೈ ಇಟ್ಟವನು ತಟ್ಟನೆ ಹಿಂದಕ್ಕೆ ಎಳೆದುಕೊಂಡೆ. ಹೆಂಡತಿ ಸುತ್ತುವುದನ್ನು ನಿಲ್ಲಿಸಿ, ಸಾಕು ಅಂದಳು. ಇನ್ನೊಂದು ನಾಲ್ಕು ಕಂಡಿಕೆ ಎಂದೆ ನಾನು. ಅಷ್ಟರಲ್ಲಿ ಗೋಡೆಯ ಆಚೆ ಚಟಚಟ ಸದ್ದು, ಹಿಂದೆಯೇ ಆಕೆಯ ಕೂಗು. ಕೂಗು ಅನ್ನುವುದಕ್ಕಿಂತ ನಡುವಿನಲ್ಲೇ ತುಂಡಾದ ಒಂದು ಸದ್ದು. ಆಮೇಲೆ ಆಕೆಯ ಮಗಳು ಅಮ್ಮಾ ಅಮ್ಮಾ ಎಂದು ಚೀರಿದಳು.

ಬೋರ್ಡಿನಿಂದ ಹೊಗೆ ಬಂದದ್ದು ನೋಡಿ, ಆರಿಸಲೆಂದು ಹಿಟ್ಟಿನ ಕೈಯಲ್ಲೇ ಸ್ವಿಚ್ಚು ಮುಟ್ಟಿದ್ದಳು. ಬೋರ್ಡು ಆಕೆಯನ್ನು ಹಿಡಿದುಕೊಂಡಿತ್ತು. ಸಣ್ಣ ತಂತಿ ಇದ್ದಿದ್ದರೆ ಬೋರ್ಡು ಹೊಗೆಯಾಡುವ ಮೊದಲೇ ಫ್ಯೂಸು ಹೋಗುತ್ತಿತ್ತು. ನಾನು ಕಟ್ಟಿದ್ದ ಹುರಿ ಜಪ್ಪಯ್ಯ ಅನ್ನಲಿಲ್ಲ.

ಮೇನ್ ಸ್ವಿಚ್ಚು ಇದ್ದದ್ದು ನನ್ನ ಮನೆಯ ಮುಂದೆ. ನಾನು ಓಡಬೇಕಾಗಿದ್ದು ಅಲ್ಲಿಗೆ. ಈಗ ಹೇಳುವ ಮಾತನ್ನು ಹೆಂಡತಿ ಸಾಯುವವರೆಗೂ ನಾವಿಬ್ಬರೂ ಆಡಲಿಲ್ಲ. ಮೊದಲು ನಾನು ಓಡಿದ್ದು ಮೇನಿಗಲ್ಲ. ನನ್ನ ಯಂತ್ರದ ಪ್ಲಗ್ಗು ಕಿತ್ತೆ. ವೈರನ್ನು ತೂತಿನೊಳಕ್ಕೆ ತುರುಕಿದೆ. ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಆ ತೂತಿನ ಮೇಲೆ ಎಳೆದು ಹಾಕಿದೆ. ಆಮೇಲೆ ಮುಂದಕ್ಕೆ ಓಡಿದೆ. ಅಷ್ಟು ಹೊತ್ತು ಆಕೆ ಆ ಗೋಡೆಗೆ ಅಂಟಿಕೊಂಡಿದ್ದಳು.

ನಾನು ಮೇನ್ ಇಳಿಸುವ ಮೊದಲೇ ರೈಲ್ವೆ ಮಾಮ ಊಟದ ಮಣೆಯಿಂದ ಆಕೆಯ ತೋಳಿಗೆ ಹೊಡೆದು ಬಿಡಿಸಿದ್ದರು. ಬದುಕಿದಳು. ಬಲಗೈಯ ಬೆರಳುಗಳು ಸುಟ್ಟು ಒಂದಕ್ಕೊಂದು ಅಂಟಿದ್ದವು.

ಆಕೆಯನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಎಲ್ಲರೂ ಲಾಟೀನಿನ ಬೆಳಕಲ್ಲಿ ಜಗಲಿಯ ಮೇಲೆ ಕೂತೆವು. ಸುಟ್ಟ ಬೋರ್ಡಿನ ಹಿಂದೆ ವೈರುಗಳೆಲ್ಲ ಒಂದೇ ಕಪ್ಪು ಮುದ್ದೆಯಾಗಿದ್ದವು. ಅದರಲ್ಲಿ ಯಾವುದು ಯಾರದು ಎಂದು ಹೇಳುವಂತಿರಲಿಲ್ಲ. ರೈಲ್ವೆ ಮಾಮ ಆಕೆಯ ಬಾಗಿಲಿನಿಂದ ಆ ಕಡ್ಡಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

“ಕಡ್ಡಿ ಇಲ್ದೆ ಬೇರೆ ಯಾರಾದ್ರೂ ಏನಾದ್ರೂ ಓಡಿಸಿದ್ರಾ? ಇದ್ರೆ ಈಗ್ಲೇ ಹೇಳ್ಬಿಡಿ. ಯಾರೂ ಹೊಡೆಯಲ್ಲ.”

ಒಬ್ಬೊಬ್ಬರೇ ಇಲ್ಲ ಅಂದರು. ಅದು ನನ್ನವರೆಗೆ ಬರುತ್ತಿರುವುದು ಕಾಣುತ್ತಿತ್ತು. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು, ಸೀರೆಯ ಮೇಲೆ ನೂಲಿನ ಧೂಳು ಹಾಗೇ ಇತ್ತು.

“ನಮ್ಮನೇಲಿ ಯಾರೂ ಓಡಿಸಿಲ್ಲ ಮಾಮ” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಮೊದ್ಲಿಂದ ಆ ಗ್ರೈಂಡರ್ ಸರದಿಲೇ ಅಲ್ವಾ ಪೀಸ್ ಹೋಗ್ತಿದ್ದಿದ್ದು?”

ಹೌದು ಹೌದು ಎಂದರು ಎಲ್ಲರೂ. ಅದು ನಿಜವೂ ಆಗಿತ್ತು. ನಾನು ಜೀವನದಲ್ಲಿ ಆಡಿದ ಸುಳ್ಳುಗಳಲ್ಲಿ ಯಾವುದೂ ಆ ಒಂದು ನಿಜದಷ್ಟು ಕೆಡುಕು ಮಾಡಲಿಲ್ಲ. ರೈಲ್ವೆ ಮಾಮ ಮಾತ್ರ ಕಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದರು. ನನ್ನ ಹೆಂಡತಿಯ ಸೀರೆಯನ್ನು ನೋಡಿದರೋ, ನನಗೆ ಹಾಗನ್ನಿಸಿತೋ, ಇವತ್ತಿಗೂ ತಿಳಿಯದು. ಅವರು ಬದುಕಿದ್ದಷ್ಟು ದಿನ ಅವರ ಎದುರು ಕಣ್ಣೆತ್ತಿ ಮಾತಾಡಲಿಲ್ಲ.

ಬೆಳಕು ಹರಿಯುತ್ತಲೇ ಆ ತೂತಿಗೆ ಸಿಮೆಂಟು ಮೆತ್ತಿದೆ. ಫ್ಯೂಸಿಗೆ ಮತ್ತೆ ಸಣ್ಣ ತಂತಿ ಕಟ್ಟಿದೆ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಂಜೆ ಹಿಟ್ಟಿನಕ್ಕ ನಮ್ಮ ಬಾಗಿಲಿಗೆ ಬಂದಳು. ಕೈಗೆ ಬಟ್ಟೆ ಸುತ್ತಿತ್ತು. ಗೊತ್ತಾಗಿಹೋಯಿತು, ಕೇಳಲೆಂದೇ ಬಂದಿದ್ದಾಳೆ ಅಂದುಕೊಂಡೆ. ಬಾಗಿಲು ಹಿಡಿದು ನಿಂತೆ.

“ಅಣ್ಣಾ, ನಂದೇ ತಪ್ಪುಂಗ. ಒದ್ದೆ ಕೈಲಿ ಮುಟ್ಬಾರ್ದಾಗಿತ್ತು. ಕೂಸುಗಳಿರೋ ಸಾಲು, ಬೆಂಕಿ ಹತ್ತಿದ್ರೆ ನಾನು ಏನಂತ ಹೇಳ್ಲಿ. ಮನಸ್ಸಲ್ಲಿ ಇಟ್ಕಬ್ಯಾಡಿ” ಎಂದಳು.

ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಳು. ನಾನು ಅದನ್ನು ತೆಗೆದುಕೊಂಡೆ. ಪರವಾಗಿಲ್ಲಮ್ಮ, ಆಗಿದ್ದು ಆಯಿತು ಎಂದೆ. ದೊಡ್ಡ ಮನುಷ್ಯ.

ಆಕೆ ಅಲ್ಲೇ ನಿಂತಿದ್ದಳು. “ಕೈ ವಾಸಿಯಾದ್ಮೇಲೆ ಸರದಿ ಕೊಡ್ತೀರಾಣ್ಣಾ? ದಿನಾ ಬ್ಯಾಡ. ವಾರಕ್ಕೆ ಒಂದೆರಡು ಸಂಜೆ ಸಾಕು.”

ಕೊಡಬಹುದಾಗಿತ್ತು. ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನೋಡಿ. ನನ್ನ ವೈರು ಈಗಿಲ್ಲ. ಗ್ರೈಂಡರು ಸಣ್ಣ ತಂತಿಯ ಮೇಲೂ ಸಲೀಸಾಗಿ ತಿರುಗುತ್ತಿತ್ತು. ಫ್ಯೂಸು ಹೋಗುತ್ತಿರಲಿಲ್ಲ, ಗೋಡೆ ಬಿಸಿಯಾಗುತ್ತಿರಲಿಲ್ಲ. ಹಾಗಾದರೆ ಆವತ್ತು ಸುಟ್ಟದ್ದು ಏನು ಎಂದು ರೈಲ್ವೆ ಮಾಮ ಕೇಳುತ್ತಿದ್ದರು. ಆಕೆಯ ಗ್ರೈಂಡರು ಕೆಡುತ್ತದೆ ಎಂಬ ಭಯ ನನಗಿರಲಿಲ್ಲ. ಅದು ಚೆನ್ನಾಗಿ ಓಡಿಬಿಟ್ಟರೆ ಎಂಬುದೇ ಭಯ.

“ಬ್ಯಾಡಮ್ಮಾ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು” ಎಂದೆ.

“ಸರಿಂಗಣ್ಣಾ” ಎಂದು ಹೋದಳು. ನಮ್ಮ ಕಡೆ ಮಾತಿಗೊಂದು ‘ಂಗ’ ಸೇರಿಸಿ ಮರ್ಯಾದೆ ಕೊಡುತ್ತೇವೆ. ಆಕೆ ಅವತ್ತೂ ಅದನ್ನು ಬಿಡಲಿಲ್ಲ.

ಸುಟ್ಟ ಕೈಯಲ್ಲಿ ಹತ್ತಿ ಆರಿಸಲಾಗದು ಎಂದು ಗೋದಾಮಿನವರೂ ಬಿಡಿಸಿದರು. ಸಂಜೆಯ ಸರದಿಯೂ ಇಲ್ಲವೆಂದ ಮೇಲೆ ಆಕೆಗೆ ಸೋಮನೂರಿನಲ್ಲಿ ಉಳಿಯಲು ಏನೂ ಇರಲಿಲ್ಲ. ತಮ್ಮ ಬಂದು, ಗ್ರೈಂಡರನ್ನೂ ಅಕ್ಕನನ್ನೂ ಮಗಳನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೋದ. ಹೋಗುವಾಗ ಸಾಲಿನ ಹೆಂಗಸರೆಲ್ಲ ಅತ್ತರು. ನಾನು ಶೆಡ್ಡಿನಲ್ಲಿ ಏನೋ ಕೆಲಸವಿರುವವನ ಹಾಗೆ ಮಗ್ಗದ ಅಡಿಯಲ್ಲಿ ತಲೆ ಹಾಕಿಕೊಂಡಿದ್ದೆ.

ಆಮೇಲೆ ಒಮ್ಮೆ ಮಾತ್ರ ನೋಡಿದೆ. ಕೊಯಮತ್ತೂರಿನ ಉಕ್ಕಡಂ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಿಂದಿನಿಂದ ಅಣ್ಣಾ ಎಂದು ಯಾರೋ ಕರೆದರು. ಕೂದಲು ನೆರೆತಿತ್ತು, ಮುಖ ಅದೇ. ಎಲ್ಲರನ್ನೂ ಒಬ್ಬೊಬ್ಬರಾಗಿ ವಿಚಾರಿಸಿದಳು. ಮಗಳನ್ನು ಬೇಗನೆ ಓದು ಬಿಡಿಸಿ ಮಿಲ್ಲಿಗೆ ಸೇರಿಸಿದ್ದಾಗಿ ಹೇಳಿದಳು. ಬೇರೆ ದಾರಿ ಇರಲಿಲ್ಲ ಎಂದಳು. ಏನಾದರೂ ಕೇಳಬೇಕಲ್ಲ ಎಂದು, ಗ್ರೈಂಡರು ಇದೆಯೇ ಎಂದು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ.

“ಇದೆಂಗಣ್ಣಾ. ತಮ್ಮನ ಹೆಂಡ್ತಿ ಓಡಿಸ್ತಾಳೆ. ಇಷ್ಟು ವರ್ಷ ಒಂದ್ಸಲನೂ ಪೀಸ್ ಹೋಗಿಲ್ಲ. ನಾನು ಮುಟ್ಟಾಕಿಲ್ಲ. ದೋಷ ನನ್ನ ಕೈಲೇ ಇರ್ಬೇಕು” ಎಂದು ಆ ಅಂಟಿದ ಬೆರಳುಗಳನ್ನು ತಾನೇ ನೋಡಿಕೊಂಡು ನಕ್ಕಳು.

ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ದೋಷ ನಿನ್ನ ಕೈಯದಲ್ಲ ಎಂಬಷ್ಟು ಸಾಕಿತ್ತು. ಸುತ್ತ ಜನವಿದ್ದರು, ಯಾರಿಗೂ ನಾನು ಯಾರೆಂದು ಗೊತ್ತಿರಲಿಲ್ಲ, ಆದರೂ ಹೆದರಿದೆ. ಅಷ್ಟರಲ್ಲಿ ಪೋತ್ತನೂರಿನ ಬಸ್ಸು ಬಂತು. ಬರ್ತೀನಣ್ಣಾ ಎಂದು ಎಡಗೈಯಿಂದ ಕಂಬಿ ಹಿಡಿದು ಹತ್ತಿದಳು. ಆಕೆ ತೀರಿಹೋದ ಸುದ್ದಿ ಎಷ್ಟೋ ಕಾಲದ ಮೇಲೆ ಯಾರೋ ಹೇಳಿ ತಿಳಿಯಿತು. ಸಾಯುವವರೆಗೂ ತನ್ನ ಕೈಗೇ ಹೆದರುತ್ತಿದ್ದಳಂತೆ.

ಇಲ್ಲಿಯವರೆಗೆ ಹಿಟ್ಟಿನಕ್ಕ, ಹಿಟ್ಟಿನಕ್ಕ ಎಂದೇ ಬರೆದೆ. ಹೆಸರು ಬರೆದರೆ ಎದುರಿಗೆ ಬಂದು ನಿಂತು, ಸರಿಂಗಣ್ಣಾ ಅಂದುಬಿಡುತ್ತಾಳೇನೋ ಎಂಬ ಭಯ. ಅನ್ನಲಿ.

ಆಕೆಯ ಹೆಸರು ಸೌಡಮ್ಮ.